ಮೆಕ್ಕೆಜೋಳ ಮೂರು ಕಂತಿನಲ್ಲಿ ಬಿತ್ತಿದೆ: ನನ್ನ ಅನುಭವ

"ಒಂದು ಹೊಲಕ್ಕೆ ಮೂರು ಬಿತ್ತನೆಯಂತೆ, ಇವನಿಗೆ ಬೇರೆ ಕೆಲಸ ಇಲ್ವಾ?" ಅಂತ ನಕ್ಕವರೇ ಈ ಸಲ ಒಕ್ಕಣೆ ದಿನ ಬಂದು ಚೀಲ ಎಣಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ 6 ಎಕರೆಯನ್ನೂ ಎರಡೇ ದಿನದಲ್ಲಿ ಬಿತ್ತಿದ್ದೆ. ಬೆಳೆ ಆಳೆತ್ತರ ಬಂತು. ಸರಿಯಾಗಿ ಸೂಲಂಗಿ (ಗಿಡದ ತುದಿಯ ಗಂಡು ಹೂ) ಬಿಡುವ ವಾರವೇ ಬಿಸಿಗಾಳಿ. 35 ಡಿಗ್ರಿ ದಾಟಿದರೇ ಪರಾಗ ಸೊರಗುತ್ತದೆ, ಆ ವಾರ ಮಧ್ಯಾಹ್ನ 40ರ ಹತ್ತಿರ ಇತ್ತು. ನೆಲದಲ್ಲಿ ಹಸಿಯೂ ಇಲ್ಲದೆ ತೆನೆಯ ಕೂದಲು ತಡವಾಯಿತು. ಕೂದಲಿಗೆ ಪರಾಗ ಬಿದ್ದರೇ ಕಾಳು, ಅದು ಹೊರಬರುವಷ್ಟರಲ್ಲಿ ಪರಾಗ ಉದುರಿ ಮುಗಿದಿತ್ತು. ಸಿಪ್ಪೆ ಸುಲಿದರೆ ಹಲ್ಲುದುರಿದ ಬಾಯಿ. ಎಕರೆಗೆ 20 ಕ್ವಿಂಟಲ್ ಕೊಡುತ್ತಿದ್ದ ಹೊಲ ಏಳೋ ಎಂಟೋ ಕೊಟ್ಟಿತು. ಗೊಬ್ಬರದ ಸಾಲ ತೀರಲಿಲ್ಲ, ಇದ್ದ ಎರಡು ಹಸುವಿನಲ್ಲಿ ಒಂದನ್ನು ಮಾರಿದೆ.

ಒಂದು ಗಿಡ ಪರಾಗ ಉದುರಿಸುವುದು ಹೆಚ್ಚೆಂದರೆ ಒಂದು ವಾರ. ಇಡೀ ಹೊಲಕ್ಕೆ ಅದೇ ವಾರ ಯಾಕಿರಬೇಕು? ಮರುವರ್ಷ ಎರಡೆರಡು ಎಕರೆಯಂತೆ ವಾರಕ್ಕೊಂದು ತುಂಡು ಬಿತ್ತಿದೆ. ದಂಡ. ಬಿಸಿಲು ಹತ್ತು ದಿನ ನಿಂತು ಮೊದಲೆರಡನ್ನು ಸುಟ್ಟಿತು, ಮೂರನೆಯದು ಅರೆಬರೆ. ಅದರ ಮುಂದಿನ ವರ್ಷ ಅಂತರ ಜಾಸ್ತಿ ಮಾಡಿದೆ. ಬಿಸಿಲು ಬರಲೇ ಇಲ್ಲ, ಮಳೆ ಸುರಿಯಿತು! ಮೊಣಕಾಲುದ್ದದ ಮೂರನೇ ತುಂಡು ನಾಲ್ಕು ದಿನ ನೀರಲ್ಲಿ ನಿಂತು ಹಳದಿಯಾಯಿತು. ಉಳಿದ ಗಿಡಗಳ ಎಳೆ ಸುಳಿ, ಮೊದಲೆರಡು ತುಂಡಿನಲ್ಲಿ ಬೆಳೆದ ಲದ್ದಿಹುಳುವಿಗೆ ಬಡಿಸಿಟ್ಟ ಊಟವಾಯಿತು. ಬೇರೆ ಬೇರೆ ದಿನ ಬಿತ್ತಿದರೆ ಹುಳು ಜಾಸ್ತಿ ಅಂತ ತಿಳಿದವರು ಮೊದಲೇ ಹೇಳಿದ್ದರು. ನಾನು ಕೇಳಿರಲಿಲ್ಲ.

ಈ ಸಲ ಮೂರನೇ ತುಂಡನ್ನು ಎತ್ತರದ ಜಾಗಕ್ಕೆ ಹಾಕಿದೆ, ನೀರು ಹೋಗಲು ಕಾಲುವೆ ತೆಗೆದೆ. ದಿನಾ ಬೆಳಿಗ್ಗೆ ಸುಳಿ ಬಿಡಿಸಿ ನೋಡುವುದೇ ಕೆಲಸ. ಬಿಸಿಗಾಳಿ ಮತ್ತೆ ಬಂತು. ಮೊದಲ ತುಂಡು ಎಕರೆಗೆ 9, ಎರಡನೆಯದು 19, ಮೂರನೆಯದು 14 ಕ್ವಿಂಟಲ್, ಹೆಚ್ಚುಕಡಿಮೆ. ಅಕ್ಕಪಕ್ಕದಲ್ಲಿ ಒಂದೇ ಸಲ ಬಿತ್ತಿದವರಿಗೆ 8 ದಾಟಲಿಲ್ಲ. ಟ್ರ್ಯಾಕ್ಟರ್ ಮೂರು ಸಲ ಕರೆಸಿ ಖರ್ಚು ಕಾಲು ಪಾಲು ಏರಿತು, ನಿಜ. ಆದರೆ ಕೊಯ್ಲಿಗೆ ಆಳಿಗಾಗಿ ಅಲೆಯಲಿಲ್ಲ. ಅದೇ ನಾಲ್ಕು ಜನಕ್ಕೆ ಒಂದೂವರೆ ತಿಂಗಳು ಬಿಟ್ಟು ಬಿಟ್ಟು ಕೂಲಿ ಸಿಕ್ಕಿತು.

ಸುಮ್ನೆ ಇರಲಾರದೆ ಅರ್ಧ ಎಕರೆಗೆ ಹಳೇ ದಂಟು ಮುಚ್ಚಿ ನೋಡಿದೆ. ಹಸಿ ಉಳಿಯಿತು, ಕೂದಲು ಹೊತ್ತಿಗೆ ಸರಿಯಾಗಿ ಬಂತು. ಗೆದ್ದಲೂ ಬಂತು.

ಎರಡನೇ ತುಂಡಿನಲ್ಲಿ ಕೂದಲು ಬಂದು ವಾರವಾದಾಗ ಒಂದು ತೆನೆ ಕಿತ್ತು, ಸಿಪ್ಪೆಯನ್ನು ಚಾಕುವಿನಿಂದ ನಿಧಾನವಾಗಿ ಬಿಡಿಸಿ ಕೊಡವಿದೆ. ಕಾಳು ಕಟ್ಟಿದ ಕಡೆ ಕೂದಲು ತಾನೇ ಕಳಚುತ್ತದೆ, ಕಟ್ಟದ ಕಡೆ ಅಂಟಿಕೊಂಡೇ ಇರುತ್ತದೆ. ತುದಿಯ ಒಂದು ಕುಚ್ಚು ಬಿಟ್ಟು ಎಲ್ಲಾ ಉದುರಿತು. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ.

ಪಕ್ಕದ ಹೊಲದವರು ಮೊನ್ನೆ ಬಂದು ಅಂತರ ಎಷ್ಟು ದಿನ ಅಂತ ಕೇಳಿದರು. ಹದಿನೆಂಟು ಅಂದೆ. ಮೊದಲ ತುಂಡಿನ ದಿನ ಹೇಗೆ ಆರಿಸಿದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.