ಬೇರಿಗೆ ಇಂಕ್ ಹಾಕಿ ನೋಡಿದೆ

ಎರಡು ವರ್ಷ ಟೊಮೆಟೊ ಸಸಿಗಳಿಗೆ ಮೈಕೊರೈಜಾ, ಅಂದರೆ ಗಿಡದ ಬೇರಿನ ಜೊತೆ ಕೂಡಿ ಬಾಳುವ ಶಿಲೀಂಧ್ರದ ಪುಡಿ ಹಾಕಿದೆ. ಒಂದು ಪಾತಿಗೆ ಹಾಕಿ ಪಕ್ಕದ್ದನ್ನು ಹಾಗೇ ಬಿಟ್ಟೆ. ಎರಡೂ ಪಾತಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಪುಡಿಯೇ ಸರಿ ಇಲ್ಲ ಅಂದುಕೊಂಡೆ. ಆದರೆ ಶಿಲೀಂಧ್ರ ಬೇರಿಗೆ ಹತ್ತಿದೆಯಾ ಅಂತ ಒಮ್ಮೆಯೂ ನೋಡಿರಲಿಲ್ಲ. ಎಲೆ ನೋಡುತ್ತಿದ್ದೆ, ಕಾಯಿ ಎಣಿಸುತ್ತಿದ್ದೆ, ಅಷ್ಟೇ.

ಇದು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಗೊಬ್ಬರದ ಗುಡ್ಡೆಯಲ್ಲಿ ಕಾಣುವ ಬಿಳಿ ಬೂಸ್ಟು ಬೇರೆ, ಅದು ಕಸ ಕೊಳೆಸುವ ಜಾತಿ. ಮೈಕೊರೈಜಾ ಬೇರಿನ ಒಳಗೆ ಇರುತ್ತದೆ, ಮಣ್ಣಿಗೆ ಚಾಚುವ ಅದರ ಎಳೆಗಳೂ ತೀರಾ ಸಣ್ಣವು. ಹಾಗಾಗಿ ಬೇರಿಗೆ ಬಣ್ಣ ಹಾಕುವುದನ್ನು ಕಲಿತೆ.

ಕೂದಲಿನಷ್ಟು ಸಣ್ಣ ಬೇರುಗಳನ್ನು ಮಾತ್ರ ಆರಿಸಿ, ತೊಳೆದು, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡಿದೆ. ಇದು ಚರ್ಮ ಸುಡುತ್ತದೆ. ಗ್ಲೌಸು, ಕನ್ನಡಕ ಬೇಕೇ ಬೇಕು. ಬೇರು ಗಾಜಿನಂತೆ ಆದ ಮೇಲೆ ಚೆನ್ನಾಗಿ ತೊಳೆದೆ. ಆಮೇಲೆ ಬಿಳಿ ವಿನಿಗರ್‌ಗೆ 5% ಕಪ್ಪು ಪೆನ್ ಇಂಕ್ ಬೆರೆಸಿ ಮೂರು ನಿಮಿಷ ಕುದಿಸಿದೆ. ಕೊನೆಗೆ ಎರಡು ಹನಿ ವಿನಿಗರ್ ಹಾಕಿದ ನೀರಿನಲ್ಲಿಟ್ಟು ಹೆಚ್ಚಿನ ಬಣ್ಣ ತೆಗೆದೆ.

ಮೈಕ್ರೋಸ್ಕೋಪಿನಲ್ಲಿ ಪುಡಿ ಹಾಕಿದ ಪಾತಿಯ ಬೇರು ಹೆಚ್ಚು ಕಡಿಮೆ ಖಾಲಿ! ಬೇಲಿ ಪಕ್ಕ ಯಾರೂ ಅಗೆಯದ ಜಾಗದ ಹುಲ್ಲಿನ ಬೇರಲ್ಲಿ ಮಾತ್ರ ಎಷ್ಟು ಎಳೆಗಳು! ಜೀವಕೋಶಗಳ ನಡುವೆ ಕಪ್ಪು ದಾರ ಹಾದು ಹೋಗಿತ್ತು, ಅಲ್ಲಲ್ಲಿ ಮೊಟ್ಟೆಯಂಥ ಉಬ್ಬು. ಇನ್ನೂ ದೊಡ್ಡದು ಮಾಡಿ ನೋಡಿದರೆ ಒಂದೊಂದು ಕೋಶದೊಳಗೂ ಪುಟ್ಟ ಮರದಂತೆ ಕವಲೊಡೆದ ರಚನೆ. ಗಿಡಕ್ಕೂ ಶಿಲೀಂಧ್ರಕ್ಕೂ ಕೊಡು-ಕೊಳ್ಳುವಿಕೆ ನಡೆಯುವುದು ಅಲ್ಲೇ. ಎಷ್ಟೋ ಹೊತ್ತು ಕಣ್ಣು ತೆಗೆಯಲಾಗಲಿಲ್ಲ.

ತಪ್ಪು ನನ್ನ ಗೊಬ್ಬರದಲ್ಲಿತ್ತು. ವರ್ಷಾನುಗಟ್ಟಲೆ ಕೋಳಿ ಗೊಬ್ಬರ ಹಾಕಿ ಪಾತಿಯಲ್ಲಿ ರಂಜಕ ತುಂಬಿಸಿಟ್ಟಿದ್ದೆ. ರಂಜಕ ಮಣ್ಣಿನಲ್ಲಿ ಅಷ್ಟಾಗಿ ಚಲಿಸುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿರುವುದನ್ನು ಬೇಗ ಮುಗಿಸಿಬಿಡುತ್ತದೆ. ಅದರಾಚೆಯಿಂದ ತಂದುಕೊಡುವುದು ಶಿಲೀಂಧ್ರ. ಬದಲಿಗೆ ಗಿಡ ಅದಕ್ಕೆ ಸಕ್ಕರೆ, ಕೊಬ್ಬು ಕೊಡುತ್ತದೆ. ರಂಜಕ ಪಕ್ಕದಲ್ಲೇ ಬೇಕಾದಷ್ಟು ಇದ್ದರೆ ಗಿಡ ಸುಮ್ನೆ ಯಾಕೆ ಸಕ್ಕರೆ ಕೊಡುತ್ತದೆ, ಅಲ್ವಾ?

ಆಮೇಲೆ ಪುಡಿ ತರುವುದು ಬಿಟ್ಟೆ. ಜೀವಂತ ಬೇರಿಲ್ಲದೆ ಈ ಶಿಲೀಂಧ್ರ ಬೆಳೆಯುವುದಿಲ್ಲ, ಅದಕ್ಕೇ ಕುಂಡದಲ್ಲಿ ಮೆಕ್ಕೆಜೋಳ ಬೆಳೆಸಿದೆ. ಬೇಲಿ ಪಕ್ಕದ ಮಣ್ಣನ್ನು ಹುಲ್ಲಿನ ಬೇರಿನ ಸಮೇತ ಮರಳಿಗೆ ಬೆರೆಸಿ ಬಿತ್ತಿದೆ. ಗೊಬ್ಬರ ಬಹಳ ಕಡಿಮೆ. ಮೂರು ತಿಂಗಳಿಗೆ ನೀರು ನಿಲ್ಲಿಸಿ, ಒಣಗಿದ ಮೇಲೆ ಬೇರು ಕತ್ತರಿಸಿ ಅದೇ ಮಣ್ಣಿಗೆ ಕಲಸಿದೆ. ಬೇರಿಗೆ ರೋಗ ಬಂದಿದ್ದ ಜಾಗದ ಮಣ್ಣು ಮಾತ್ರ ಇದಕ್ಕೆ ಬೇಡ, ರೋಗವೂ ಜೊತೆಗೇ ಬರುತ್ತದೆ. ಸಸಿ ನೆಡುವಾಗ ಒಂದು ಹಿಡಿಯನ್ನು ಗುಣಿಯೊಳಗೆ, ಬೇರಿಗೆ ತಾಗುವಂತೆ ಹಾಕಿದೆ. ಮೇಲೆ ಉದುರಿಸಿದರೆ ಬೇರಿಗೆ ತಲುಪುವುದು ಕಷ್ಟ.

ಗೊಬ್ಬರ ಕಡಿಮೆ ಇದ್ದ ಹೊಸ ಪಾತಿಯಲ್ಲಿ ಸಸಿಗಳು ಬೇಗ ಚೇತರಿಸಿಕೊಂಡವು, ಬೇರಲ್ಲೂ ಎಳೆಗಳು ಕಂಡವು. ಹಳೇ ಪಾತಿಯಲ್ಲಿ ಆಗಲೂ ವ್ಯತ್ಯಾಸವಿಲ್ಲ. ಅಲ್ಲಿಗೆ ಕೋಳಿ ಗೊಬ್ಬರ ನಿಲ್ಲಿಸಿದ್ದೇನೆ, ಆಳವಾಗಿ ಅಗೆಯುವುದನ್ನೂ ಬಿಟ್ಟಿದ್ದೇನೆ. ಅಗೆದರೆ ಎಳೆಗಳ ಬಲೆ ಹರಿದುಹೋಗುತ್ತದೆ.

ಎಲೆಕೋಸು, ಸಾಸಿವೆ ಕುಟುಂಬದ ಗಿಡಗಳು ಈ ಶಿಲೀಂಧ್ರವನ್ನು ಸೇರಿಸಿಕೊಳ್ಳುವುದಿಲ್ಲ. ಕೋಸು ಕಿತ್ತ ಪಾತಿಗೆ ಈಗ ಮೆಕ್ಕೆಜೋಳ ಬಿತ್ತಿದ್ದೇನೆ. ಆರು ವಾರಕ್ಕೆ ಬೇರು ತೆಗೆದು ಇಂಕ್ ಹಾಕಿ ನೋಡಬೇಕು.