ಸುದ್ದಿಯಿಲ್ಲದ 23 ದಿನ

ಅಗ್ನಿಶಾಮಕ ದಳದ ಏಣಿಗಾಡಿ ನಮ್ಮಿಬ್ಬರನ್ನು ಚರ್ಚಿನ ಹೆಂಚಿನ ಮಟ್ಟಕ್ಕೆ ಎತ್ತುವಷ್ಟರಲ್ಲಿ ದೊಡ್ಡ ಕೊಕ್ಕರೆ ಹಾರಿಹೋಗಿ ಎದುರಿನ ಮನೆಯ ಮಾಡಿನ ಮೇಲೆ ನಿಂತಿತ್ತು. ಗೂಡಿನೊಳಗೆ ಇಣುಕಿದೆ. ಮೂರು ಮರಿಗಳೂ ಕತ್ತು ಚಾಚಿ, ರೆಕ್ಕೆ ಸಡಿಲ ಬಿಟ್ಟು ಸತ್ತು ಬಿದ್ದಿದ್ದವು. ನನ್ನ ಎದೆ ಧಸಕ್ಕೆಂದಿತು. ಜೊತೆಗಿದ್ದ ಹಿರಿಯರು ತಣ್ಣಗೆ ತಕ್ಕಡಿ ತೆಗೆದರು. ಅಪಾಯ ಕಂಡರೆ ಬಿಳಿ ಕೊಕ್ಕರೆಯ ಮರಿ ಮಾಡುವುದೇ ಹಾಗೆ, ಸತ್ತಂತೆ ಬಿದ್ದುಕೊಳ್ಳುತ್ತದೆ. ಬೆರಳಿಟ್ಟು ನೋಡಿದರೆ ಎದೆಗೂಡು ಟಕಟಕ ಹೊಡೆದುಕೊಳ್ಳುತ್ತಿತ್ತು.

ಇದು ನಡೆದದ್ದು ದಕ್ಷಿಣ ಜರ್ಮನಿಯಲ್ಲಿ, ಕಾನ್‌ಸ್ಟನ್ಸ್ ಸರೋವರಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ, ಜೂನ್ ಕೊನೆಯ ವಾರ. ನಾನು ಮದ್ದೂರಿನ ಕಡೆಯವನು. ಕೊಕ್ಕರೆಬೆಳ್ಳೂರಿನ ಹಿತ್ತಲ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುವುದನ್ನು ನೋಡುತ್ತಲೇ ಬೆಳೆದೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಅಲ್ಲಿಯವರು ಆ ಹಕ್ಕಿಗಳನ್ನು ಕಾಯುತ್ತಾರೆ. ಈ ಜರ್ಮನ್ ಹಳ್ಳಿಯಲ್ಲೂ ಅಜ್ಜಿಯೊಬ್ಬರು ಬೇಲಿ ಹತ್ತಿರ ನಿಂತು, ಈ ಸಲ ಎಷ್ಟು ಮರಿ, ಎಲ್ಲ ಗಟ್ಟಿಯಾಗಿವೆಯಾ ಅಂತ ವಿಚಾರಿಸಿದಾಗ ನನಗೆ ಊರಿನಲ್ಲೇ ಇದ್ದ ಹಾಗಾಯಿತು.

ನಾವು ಹತ್ತಿದ್ದು ಮರಿಗಳ ಬೆನ್ನಿಗೆ ಟ್ಯಾಗ್ ಕಟ್ಟಲು. ಹಕ್ಕಿ ಎಲ್ಲೆಲ್ಲಿ ಹೋಗುತ್ತದೆ ಅಂತ ತಿಳಿಸುವ, ಬಿಸಿಲಿನಿಂದ ನಡೆಯುವ ಪುಟ್ಟ ಯಂತ್ರ ಅದು. ನಮ್ಮ ಹತ್ತಿರ ಇದ್ದದ್ದು ಎರಡೇ. ತೂಕದಲ್ಲಿ ಮೊದಲ ಎರಡು ಮರಿಗಳನ್ನು ಆರಿಸಿಕೊಂಡೆವು: ದೊಡ್ಡದು 3.4 ಕಿಲೊ, ಚಿಕ್ಕದು 2.9. ಟ್ಯಾಗ್ ಸುಮಾರು 55 ಗ್ರಾಂ. ಹಕ್ಕಿಯ ತೂಕದ ಶೇ. 3ಕ್ಕಿಂತ ಹೆಚ್ಚಿನ ಹೊರೆ ಹೊರಿಸಬಾರದು ಅನ್ನುವುದು ಈ ಕೆಲಸದವರು ಸಾಮಾನ್ಯವಾಗಿ ಪಾಲಿಸುವ ಮಿತಿ. ಕಣ್ಣಿನ ಮೇಲೆ ಬಟ್ಟೆ ಹಾಕಿ, ಶಾಲೆಯ ಬ್ಯಾಗಿನ ಹಾಗೆ ಎರಡೂ ರೆಕ್ಕೆಗಳ ಬುಡದಲ್ಲಿ ಟೆಫ್ಲಾನ್ ಪಟ್ಟಿ ಹಾಯಿಸಿ ಕಟ್ಟಬೇಕು. ಇಡೀ ಕೆಲಸದಲ್ಲಿ ನನಗೆ ಅತಿ ಭಯದ ಗಳಿಗೆ ಅದೇ. ಬಿಗಿಯಾದರೆ ಎದೆಯ ಸ್ನಾಯು ಬೆಳೆದಾಗ ಪಟ್ಟಿ ಕೊರೆಯುತ್ತದೆ, ಸಡಿಲವಾದರೆ ಕೊಕ್ಕು ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಅಡಿ ಬೆರಳು ಆಡಿಸಿ ನೋಡಿ, ಬಿಚ್ಚಿ, ಚಿಕ್ಕದಕ್ಕೆ ಮೂರು ಸಲ ಕಟ್ಟಿದೆ. ಗುರುತಿನ ಉಂಗುರವನ್ನು ಕಾಲಿನ ಗಂಟಿನ ಮೇಲ್ಭಾಗಕ್ಕೇ ಹಾಕಬೇಕು, ಯಾಕೆಂದರೆ ಸೆಕೆಯಲ್ಲಿ ಕೊಕ್ಕರೆ ತಂಪಿಗೆಂದು ತನ್ನ ಕಾಲಿನ ಮೇಲೆಯೇ ಹಿಕ್ಕೆ ಹಾಕಿಕೊಳ್ಳುತ್ತದೆ. ಕೆಳಗೆ ಹಾಕಿದ ಉಂಗುರದೊಳಗೆ ಅದು ಸೇರಿ ಗಟ್ಟಿಯಾಗಿ ಕಾಲಿಗೆ ಗಾಯ.

ಸ್ಯಾಟಲೈಟ್ ಟ್ಯಾಗ್ ಅಂದ ಕೂಡಲೇ ಮೇಲಿನಿಂದ ಯಾವುದೋ ಕ್ಯಾಮೆರಾ ಹಕ್ಕಿಯನ್ನು ನೋಡುತ್ತಿದೆ ಅಂತ ಊರಲ್ಲಿ ಎಲ್ಲರ ಎಣಿಕೆ. ಹಾಗಲ್ಲ. ಜಿಪಿಎಸ್ ಉಪಗ್ರಹಗಳ ಸಂಕೇತ ಹಿಡಿದು, ತಾನೆಲ್ಲಿದ್ದೇನೆ ಅಂತ ಟ್ಯಾಗ್ ತಾನೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುತ್ತದೆ. ಬಿಸಿಲು ಚೆನ್ನಾಗಿದ್ದರೆ ಐದು ನಿಮಿಷಕ್ಕೊಂದು ಸಲ. ಆರ್ಗೋಸ್ ಅನ್ನುವ ಉಪಗ್ರಹ ವ್ಯವಸ್ಥೆಯ ಹಳೆಯ ಟ್ಯಾಗುಗಳು ತಮ್ಮ ಸಂಕೇತವನ್ನು ಉಪಗ್ರಹಕ್ಕೇ ಕಳಿಸುತ್ತಿದ್ದವು. ನಮ್ಮದು ಮೊಬೈಲ್ ನೆಟ್‌ವರ್ಕ್ ಸಿಕ್ಕಲ್ಲಿ ಕಳಿಸುವ ಜಾತಿ. ಜೊತೆಗೆ ಹಕ್ಕಿಯ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಅಳೆದು, ದಿಕ್ಕಿಗೊಂದು ಗೆರೆ ಬರೆಯುವ ಸೆನ್ಸರ್ ಇರುತ್ತದೆ. ಇದರ ಬೆಲೆ ನನಗೆ ಗೊತ್ತಾದದ್ದು ಆಮೇಲೆ.

ಆಗಸ್ಟ್ ನಡುವಿನಲ್ಲಿ ಎರಡೂ ಹೊರಟವು. ಸ್ವಿಟ್ಜರ್ಲೆಂಡ್ ದಾಟಿ, ಫ್ರಾನ್ಸಿನ ರೋನ್ ಕಣಿವೆ ಹಿಡಿದು, ಪಿರೆನೀಸ್ ಬೆಟ್ಟದ ಪೂರ್ವದ ತುದಿಯಿಂದ ಸ್ಪೇನಿಗೆ. ಬೆಳಿಗ್ಗೆ ನೆಲ ಕಾದು ಬಿಸಿಗಾಳಿ ಏಳುವವರೆಗೆ ಒಂದೇ ಕಡೆ ಚುಕ್ಕಿ, ಆಮೇಲೆ ಸುತ್ತು ಸುತ್ತಾಗಿ ಮೇಲೇರಿ ಜಾರುವ ಗೆರೆ. ರೆಕ್ಕೆ ಬಡಿದು ಹೋಗುವುದು ಆ ಭಾರದ ಹಕ್ಕಿಗೆ ದುಬಾರಿ. ಸಮುದ್ರದ ಮೇಲೆ ಅಂಥ ಬಿಸಿಗಾಳಿ ಏಳುವುದಿಲ್ಲ, ಅದಕ್ಕೇ ಮೆಡಿಟರೇನಿಯನ್ ಬಳಸಿ ಹೋಗಿ, 14 ಕಿ.ಮೀ. ಅಗಲದ ಜಿಬ್ರಾಲ್ಟರ್ ಜಲಸಂಧಿಯಲ್ಲೇ ದಾಟುವುದು.

ಮ್ಯಾಡ್ರಿಡ್ ದಾಟಿದ ಮೇಲೆ ದೊಡ್ಡದರ ಚುಕ್ಕಿ ನಿಂತಿತು. ದಿನಾ ತಪ್ಪದೆ ಸುದ್ದಿ ಬರುತ್ತಿತ್ತು, ಬ್ಯಾಟರಿ ತುಂಬಿತ್ತು. ಸ್ಪೇನಿನಲ್ಲಿ ಕಸದ ರಾಶಿ ಸಿಕ್ಕರೆ ಕೊಕ್ಕರೆಗಳು ಅಲ್ಲೇ ಚಳಿಗಾಲ ಕಳೆಯುವುದುಂಟು, ಇದೂ ಹಾಗೇ ಇರಬೇಕು ಅಂದುಕೊಂಡು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅಲುಗಾಟದ ದತ್ತಾಂಶ ತೆರೆದೆ. ಮೂರು ಗೆರೆಗಳೂ ಸ್ಕೇಲ್ ಇಟ್ಟು ಎಳೆದಷ್ಟು ನೇರ. ಬದುಕಿರುವ ಹಕ್ಕಿ ನಿದ್ದೆಯಲ್ಲೂ ಅಷ್ಟು ನಿಶ್ಚಲವಾಗಿರುವುದಿಲ್ಲ. ಅಲ್ಲಿದ್ದ ಸಂಶೋಧಕರೊಬ್ಬರು ಜಾಗ ಹುಡುಕಿ ಹೋದರೆ, ವಿದ್ಯುತ್ ಕಂಬದ ಬುಡದಲ್ಲಿ ಬೋರಲು ಬಿದ್ದಿತ್ತು. ಕಂಬದ ಮೇಲೆ ಇಳಿಯುವಾಗ ಎರಡು ಮೀಟರಿನ ರೆಕ್ಕೆ ತಂತಿಗೆ ತಾಗಿದೆ. ಬೆನ್ನು ಮೇಲಾಗಿ ಬಿದ್ದದ್ದರಿಂದ ಸೌರಫಲಕಕ್ಕೆ ದಿನವಿಡೀ ಬಿಸಿಲು, ಅದಕ್ಕೇ ಅಷ್ಟು ಕ್ರಮವಾಗಿ ಸುದ್ದಿ. ತಂತಿಗೆ ರಬ್ಬರ್ ಕವಚ ಹಾಕಿಸಿದರೆ ತಪ್ಪುವ ಸಾವು ಇದು. ಬರೆಯುವಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಚಿಕ್ಕದು ಸ್ಪೇನಿನ ದಕ್ಷಿಣ ತುದಿಯ ತಾರಿಫಾದಲ್ಲಿ ಪೂರ್ವದ ಗಾಳಿ ಇಳಿಯಲೆಂದು ನಾಲ್ಕು ದಿನ ಕಾದು ಜಲಸಂಧಿ ದಾಟಿತು. ಮೊರಾಕೊದಿಂದ ಒಂದು ಸಲ ಸುದ್ದಿ ಬಂತು, ಆಮೇಲೆ ಇಲ್ಲ. ಮುಂದೆ ಸಹಾರಾ. 1822ರಲ್ಲಿ ಜರ್ಮನಿಯ ಕ್ಲೂಟ್ಸ್ ಬಳಿ ಕತ್ತಿನಲ್ಲಿ ಆಫ್ರಿಕಾದ ಬಾಣ ಹೊತ್ತ ಕೊಕ್ಕರೆ ಸಿಕ್ಕಿತ್ತು. ಹೋಗುವುದು ಆಫ್ರಿಕಾಕ್ಕೆ ಅಂತ ಅಂದೇ ಗೊತ್ತಾದರೂ, ದಾರಿಯಲ್ಲಿ ಏನಾಗುತ್ತದೆ ಅನ್ನುವುದು ಇಂಥ ಮೌನದೊಳಗೇ ಉಳಿದಿತ್ತು. ಪೋಲೆಂಡಿನ ಕೊಕ್ಕರೆಯ ಕಥೆಯೂ ನೆನಪಾಗುತ್ತಿತ್ತು: 2018ರಲ್ಲಿ ಸೂಡಾನಿನಲ್ಲಿ ಅದು ಕಾಣೆಯಾಗಿ, ಯಾರೋ ಟ್ಯಾಗಿನ ಸಿಮ್ ತೆಗೆದು ಫೋನಿಗೆ ಹಾಕಿಕೊಂಡು, ಟ್ಯಾಗ್ ಕಟ್ಟಿದ್ದ ಸಂಸ್ಥೆಗೆ 10,000 ಝ್ಲಾಟಿಗಿಂತ (ಝ್ಲಾಟಿ ಪೋಲೆಂಡಿನ ಹಣ) ಹೆಚ್ಚಿನ ಬಿಲ್ ಬಂದಿತ್ತು.

ಭಾನುವಾರ ಫೋನಿನಲ್ಲಿ ಅಮ್ಮನ ಮೊದಲ ಪ್ರಶ್ನೆ ಅದೇ. "ಚಿಕ್ಕದು ಎಲ್ಲೈತಪ್ಪ?"

"ಗೊತ್ತಿಲ್ಲ ಕಣವ್ವ."

ಮೂರು ಭಾನುವಾರ ಹಾಗೇ ಹೇಳಿದೆ. 23ನೆಯ ದಿನ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಸಾವಿರಾರು ಚುಕ್ಕಿಗಳು ಒಟ್ಟಿಗೆ ಬಂದು ಕೂತಿದ್ದವು. ಮಾಲಿ ದೇಶದ ಮೋಪ್ತಿಯ ಹತ್ತಿರ, ನೈಜರ್ ನದಿಯ ಬಯಲಿನಲ್ಲಿ ನೆಟ್‌ವರ್ಕ್ ಸಿಕ್ಕಿತ್ತು. ಮರಳುಗಾಡಿನ ಮೇಲಿನ ಒಂದೊಂದು ಸುತ್ತೂ ಹಾಗೇ ಇತ್ತು. ಆದರೂ ನಾನು ಮೊದಲು ತೆರೆದದ್ದು ಅಲುಗಾಟದ ಗೆರೆಗಳನ್ನು. ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತಿದ್ದವು.

ಭಾನುವಾರದವರೆಗೆ ಕಾಯದೆ ಅಮ್ಮನಿಗೆ ಫೋನ್ ಮಾಡಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: "ಹೊಟ್ಟೆಗೆ ಏನ್ ತಿಂತದೆ ಅಲ್ಲಿ?"

"ಮಿಡತೆ ಕಣವ್ವ, ಬೇಕಾದಷ್ಟು."