ಹಳೆ ಶಾಲೆಯ ಜಾಗ ಹೊಸದಾಗುವ ಮುಂಚೆ ಮಾಡಬೇಕಾದ ಕೆಲಸ

ಶಾಲೆ ಮುಚ್ಚಿದೆ, ಆ ಜಾಗದಲ್ಲಿ ಮನೆಗಳೋ ಪಾರ್ಕೋ ಸಮುದಾಯ ಭವನವೋ ಬರಲಿದೆ. ಇಂಥ ಹೊತ್ತಲ್ಲಿ ಮೀಟಿಂಗಿನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ, ಕೊನೆಗೆ ಒಂದು ನಾಮಫಲಕ ಹಾಕಿದರಾಯ್ತಲ್ಲ ಅಂತ. ನನಗಿದು ಒಪ್ಪಿಗೆಯಿಲ್ಲ. ಫಲಕ ಬರುವ ಹೊತ್ತಿಗೆ ಉಳಿಸಬೇಕಾದದ್ದೆಲ್ಲ ಲಾರಿ ಹತ್ತಿ ಹೋಗಿರುತ್ತದೆ. ನಿಜವಾದ ಕೆಲಸ ಇರುವುದು ಜೆಸಿಬಿ ಗೇಟಿನೊಳಗೆ ಬರುವ ಮುಂಚೆ.

ಮೊದಲು ಜಾಗ ಹೇಗಿದೆಯೋ ಹಾಗೇ ದಾಖಲು ಮಾಡಿ. ಪ್ರತಿ ಕೋಣೆಗೂ ಒಂದು ನಂಬರ್ ಕೊಡಿ, ನಕ್ಷೆಯಲ್ಲಿ ಅದೇ ನಂಬರ್ ಬರೆಯಿರಿ, ಫೋಟೋ ಫೈಲಿಗೂ ಅದನ್ನೇ ಇಡಿ, ಇಲ್ಲದಿದ್ದರೆ ಆಮೇಲೆ ಯಾವ ಕಿಟಕಿ ಯಾವ ಕೋಣೆಯದು ಅಂತ ಯಾರಿಗೂ ತಿಳಿಯುವುದಿಲ್ಲ. ನಾಲ್ಕೂ ಗೋಡೆ, ನೆಲ, ಚಾವಣಿ, ಬಾಗಿಲ ಚಿಲಕ, ಬೆಂಚಿನ ಮೇಲೆ ಕೆತ್ತಿದ ಹೆಸರುಗಳು, ಯಾವುದನ್ನೂ ಬಿಡಬೇಡಿ.

ಗೋಡೆಯ ಹಿಂದೆ ಏನಿದೆ ಅಂತಲೂ ನೋಡಿ. ಅಮೆರಿಕದ ಒಕ್ಲಹೋಮಾ ಸಿಟಿಯ ಎಮರ್ಸನ್ ಹೈಸ್ಕೂಲಿನಲ್ಲಿ 2015ರಲ್ಲಿ ರಿಪೇರಿಗೆ ಅಂತ ಬೋರ್ಡುಗಳನ್ನು ಬಿಚ್ಚಿದಾಗ ಹಿಂದೆ 1917ರ ಕರಿಹಲಗೆಗಳು ಸಿಕ್ಕವು. ಬಣ್ಣದ ಸೀಮೆಸುಣ್ಣದ ಚಿತ್ರಗಳು, ಮಗ್ಗಿ ಕಲಿಸಲು ಬರೆದ ಚಕ್ರ, ಅವತ್ತಿನ ಪಾಠ, ಎಲ್ಲ ಹಾಗೇ ಇತ್ತು. ಸುಮಾರು ನೂರು ವರ್ಷ ಯಾರೂ ಒರೆಸಿರಲಿಲ್ಲ! ಅದಕ್ಕೇ ಬೋರ್ಡು, ಪ್ಲೈವುಡ್, ಫಾಲ್ಸ್ ಸೀಲಿಂಗ್ ಇವನ್ನೆಲ್ಲ ಕೈಯಿಂದ ನಿಧಾನವಾಗಿ ಬಿಚ್ಚಿಸಿ. ಆದರೆ ಹಳೆ ಬಣ್ಣದಲ್ಲಿ ಸೀಸ, ಹಳೆ ಶೀಟುಗಳಲ್ಲಿ ಕಲ್ನಾರು ಇರಬಹುದು. ಪರೀಕ್ಷೆ ಮಾಡಿಸದೆ ಕೆರೆಯಬೇಡಿ, ಒಡೆಯಬೇಡಿ.

ಆಮೇಲೆ ಜನ. ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿ ಮೈಕ್ ಕೊಟ್ಟರೆ ಜೋರಾಗಿ ಮಾತಾಡುವವರದ್ದೇ ಇತಿಹಾಸ ಆಗಿಬಿಡುತ್ತದೆ. ಇಬ್ಬರು ಮೂವರನ್ನು ಕರೆದುಕೊಂಡು ಆವರಣದಲ್ಲಿ ನಡೆಯಿರಿ, ಇಲ್ಲೇನಿತ್ತು ಅಂತ ಕೇಳಿ. ಕುರ್ಚಿಯಲ್ಲಿ ಕೂತಾಗ ನೆನಪಾಗದ್ದು ಮೆಟ್ಟಿಲ ಮೇಲೆ ನಿಂತಾಗ ನೆನಪಾಗುತ್ತದೆ. ಹೆಡ್‌ಮಾಸ್ಟರನ್ನು ಎಲ್ಲರೂ ಕೇಳುತ್ತಾರೆ, ಗಂಟೆ ಹೊಡೆಯುತ್ತಿದ್ದವರನ್ನು, ಕಸ ಗುಡಿಸುತ್ತಿದ್ದವರನ್ನು ನೀವು ಕೇಳಿ. ಅರ್ಧಕ್ಕೇ ಶಾಲೆ ಬಿಟ್ಟವರು, ಏಟು ತಿಂದವರು, ಬೇರೆ ಕೂರಿಸಲ್ಪಟ್ಟವರು ಇದ್ದರೆ ಅವರ ಮಾತೂ ದಾಖಲಾಗಬೇಕು. ಸಿಹಿ ನೆನಪು ಮಾತ್ರ ಉಳಿಸಿದರೆ ಅದು ಅವರ ಶಾಲೆ ಆಗುವುದಿಲ್ಲ, ಅಲ್ವಾ? ರೆಕಾರ್ಡ್ ಮಾಡುವ ಮುಂಚೆ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಏನನ್ನು ಉಳಿಸಬೇಕು ಅನ್ನುವುದಕ್ಕೆ ಹಳೆ ಜಾಗಗಳನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಹೇಳುವ, ಆಸ್ಟ್ರೇಲಿಯಾದಲ್ಲಿ 1979ರಲ್ಲಿ ರೂಪಿಸಿದ ಬುರ್ರಾ ಸನ್ನದಿನ ದಾರಿ ನನಗೆ ಸರಿ ಕಾಣುತ್ತದೆ. ಮೊದಲು ಆ ಜಾಗ ಯಾಕೆ ಮುಖ್ಯ ಅಂತ ಅರ್ಥ ಮಾಡಿಕೊಳ್ಳಿ, ಆಮೇಲೆ ನಿರ್ಧಾರ. ಬದಲಾವಣೆ ಬೇಕಾದಷ್ಟು ಮಾತ್ರ, ಅದೂ ಆದಷ್ಟು ಕಡಿಮೆ. ಕಟ್ಟಡ ಗಟ್ಟಿಯಿದ್ದರೆ ಬೇರೆ ಕೆಲಸಕ್ಕೆ ಬಳಸುವುದೇ ಒಳ್ಳೆಯದು. ಜಪಾನಿನ ಕ್ಯೋಟೋದಲ್ಲಿ ಮುಚ್ಚಿದ ತತ್ಸುಇಕೆ ಪ್ರಾಥಮಿಕ ಶಾಲೆ 2006ರಲ್ಲಿ ಮಾಂಗಾ ಚಿತ್ರಕಥೆಗಳ ಮ್ಯೂಸಿಯಂ ಆಯಿತು, ಶಾಲೆಯ ಇತಿಹಾಸಕ್ಕೂ ಅಲ್ಲೇ ಒಂದು ಕೋಣೆ ಇದೆ. ಸುಣ್ಣದ ಗಾರೆಯ ಹಳೆ ಗೋಡೆಗೆ ಮಾತ್ರ ಸಿಮೆಂಟ್ ಮೆತ್ತಿಸಬೇಡಿ. ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಉದುರಲು ಶುರುವಾಗುತ್ತದೆ.

ಕೆಡವಲೇಬೇಕು ಅಂತಾದರೆ ಗಂಟೆ, ಅಡಿಗಲ್ಲು, ತೊಲೆ, ಕಂಬ, ಯಾವುದು ಉಳಿಯಬೇಕೋ ಅದನ್ನು ಒಂದೊಂದಾಗಿ ಗುತ್ತಿಗೆ ಕರಾರಿನಲ್ಲೇ ಬರೆಸಿ: ಯಾರು ಬಿಚ್ಚುತ್ತಾರೆ, ಎಲ್ಲಿ ಇಡುತ್ತಾರೆ, ಹಾಳಾದರೆ ಯಾರ ಹೊಣೆ. ಬಾಯಿಮಾತಿಗೆ ಸೈಟಿನಲ್ಲಿ ಬೆಲೆಯಿಲ್ಲ. ಹಳೆ ಮರ ಇದ್ದರೆ ಕಾಂಡಕ್ಕೆ ಹಲಗೆ ಕಟ್ಟಿದರೆ ಸಾಲದು. ಕೊಂಬೆ ಹರಡಿದಷ್ಟು ಅಗಲಕ್ಕೆ, ಸಾಧ್ಯವಾದರೆ ಇನ್ನೂ ಆಚೆಗೆ, ಬೇಲಿ ಹಾಕಿಸಿ. ಲಾರಿ ಓಡಾಡಿ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿ ನೀರು ಹೋಗುವುದಿಲ್ಲ, ಮರ ಕೆಲವು ವರ್ಷ ಬಿಟ್ಟು ಒಣಗುತ್ತದೆ, ಆಗ ಯಾಕೆ ಅಂತ ಯಾರೂ ಕೇಳುವುದಿಲ್ಲ.

ಫಲಕ ಹಾಕುವುದಾದರೆ ಉದ್ಘಾಟಿಸಿದವರ ಹೆಸರಿಗಿಂತ ಶಾಲೆ ಯಾವ ವರ್ಷ ಶುರುವಾಯಿತು, ಯಾವಾಗ, ಯಾಕೆ ಮುಚ್ಚಿತು ಅನ್ನುವುದು ದೊಡ್ಡಕ್ಷರದಲ್ಲಿರಲಿ.

ಇನ್ನು ಹಾಜರಿ ಪುಸ್ತಕ, ದಾಖಲಾತಿ ಪುಸ್ತಕಗಳು. ಇವುಗಳಲ್ಲಿ ಬದುಕಿರುವವರ ಹುಟ್ಟಿದ ದಿನ, ಮನೆ ವಿವರ, ಅಂಕಗಳು ಇರುತ್ತವೆ, ಹಾಗಾಗಿ ಪ್ರದರ್ಶನಕ್ಕೆ ತೆರೆದಿಡಬೇಡಿ, ಸ್ಕ್ಯಾನ್ ಮಾಡಿ ಎಲ್ಲೆಂದರಲ್ಲಿ ಹಾಕಬೇಡಿ. ಶಿಕ್ಷಣ ಇಲಾಖೆಗೋ ಪತ್ರಾಗಾರಕ್ಕೋ ಒಪ್ಪಿಸಿ. ಒಪ್ಪಿಸುವಾಗ ಪುಸ್ತಕವಾರು ಪಟ್ಟಿಯ ಎರಡು ಪ್ರತಿ ಮಾಡಿ, ಒಂದಕ್ಕೆ ಸಹಿ ಹಾಕಿಸಿಕೊಂಡು ನಿಮ್ಮಲ್ಲೇ ಇಟ್ಟುಕೊಳ್ಳಿ.